ಹುರಳಿ ಎತ್ತಿದ ಮೇಲೆ ಉಳಿದ ಕಲ್ಲು

ಬಿದ್ದ ಕೂಡಲೇ ನನಗೆ ಅಷ್ಟೇನೂ ನೋವಾಗಲಿಲ್ಲ. ಸ್ಕೂಟಿ ಒಂದು ಕಡೆ, ನಾನೊಂದು ಕಡೆ. ಸೀರೆ ಮೊಣಕಾಲಿನವರೆಗೆ ಬಂದಿದೆ ಎನ್ನುವುದೇ ಮೊದಲು ಹೊಳೆದದ್ದು. ಸರಿಮಾಡಿಕೊಳ್ಳಲು ಹೋದೆ.

ಬಲಗೈ ಬರಲಿಲ್ಲ.

ಮುರಿದಿರಲಿಲ್ಲ. ರಕ್ತವೂ ಇರಲಿಲ್ಲ. ಬೇರೆ ಯಾರದೋ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೋ ಎಂದು ನನಗೆ ಕೊಟ್ಟ ಹಾಗೆ ಭುಜದಿಂದ ಜೋತುಬಿದ್ದಿತ್ತು.

ನಾನು ತಾವರಗೇರಾ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲೆಯ ಟೀಚರ್. ಮನೆಗೆ ಬರುವ ದಾರಿಯಲ್ಲೇ ನಮ್ಮ ಹೊಲ. ಹುರಳಿ ಕಿತ್ತ ಮೇಲೆ ನಮ್ಮ ಕಡೆ ಅದನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಬಸ್ಸು, ಲಾರಿಗಳು ಅದರ ಮೇಲೆ ಹಾಯ್ದು ಕಾಳು ಬಿಡಿಸಿಕೊಡುತ್ತವೆ, ಅದೂ ಪುಕ್ಕಟೆ. ಹರವಿದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಲು ಎರಡೂ ತುದಿಗೆ ಕಲ್ಲು ಇಡುತ್ತಾರೆ. ಸಂಜೆ ಹುರಳಿ ಎತ್ತುತ್ತಾರೆ. ಕಲ್ಲು ಮಾತ್ರ ಅಲ್ಲೇ ಇರುತ್ತದೆ. ನಾಳೆ ಮತ್ತೆ ಬೇಕಲ್ಲ!

ಆ ಸಂಜೆ ಎದುರಿಗೆ ಬಂದ ಲಾರಿಯ ಬೆಳಕು ಕಣ್ಣಿಗೆ ಬಡಿಯಿತು. ಬದಿಗೆ ಸರಿದೆ. ಕಲ್ಲು ಸಿಕ್ಕಿತು.

ಹೊಲದಲ್ಲಿ ಚೀಲ ಕಟ್ಟುತ್ತಿದ್ದ ನನ್ನ ಅತ್ತೆ ಓಡಿ ಬಂದರು. ನನ್ನನ್ನು ಎಬ್ಬಿಸುವ ಮೊದಲು ಆ ಕಲ್ಲನ್ನು ಕಾಲಿನಿಂದ ರಸ್ತೆಯ ಬದಿಗೆ ತಳ್ಳಿದರು. ಬೇರೆ ಯಾರೂ ಬೀಳಬಾರದು ಎಂದೇ ಇರಬಹುದು. ಆದರೆ ಮಲಗಿದ್ದಲ್ಲಿಂದಲೇ ನಾನು ಅದನ್ನು ನೋಡಿದೆ.

ಕೊಪ್ಪಳದ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿದರು. ಕುತ್ತಿಗೆಯಿಂದ ಕೈಗೆ ಬರುವ ನರ್ವ್‌ಗಳು ಜಗ್ಗಿಹೋಗಿವೆ ಎಂದರು. ನನ್ನ ಗಂಡನಿಗೆ ನಂಬಿಕೆಯೇ ಬರಲಿಲ್ಲ.

"ಭಾಳ ಸಣ್ಣ ಆಕ್ಸಿಡೆಂಟ್ ರೀ ಡಾಕ್ಟರೇ. ಸ್ಕೂಟಿ ಕನ್ನಡಿ ಅಷ್ಟ ಒಡದೈತಿ."

"ಆಕ್ಸಿಡೆಂಟ್ ಸಣ್ಣದ ಇರಬಹುದ್ರಿ," ಎಂದರು ಡಾಕ್ಟರು. "ಇಂಜುರಿ ದೊಡ್ಡದೈತಿ. ಅದು ಅವತ್ತ ಮುಗೀತು. ಇದು ಈಗ ಶುರುವಾಗೇತಿ."

ಕೈ ತಿರುಗಿ ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಕೇಳಬೇಕು ಎಂದೂ ಅನ್ನಿಸಲಿಲ್ಲ. ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚು ನೋಡುತ್ತ ಕುಳಿತಿದ್ದೆ. ಅವರಾಗಿಯೇ ಹೇಳಿದರು: ಫಿಜಿಯೋಥೆರಪಿ ಬಿಡಬಾರದು, ಕೆಲವು ತಿಂಗಳು ನೋಡೋಣ, ಬರದಿದ್ದರೆ ಸರ್ಜರಿ.

ಮನೆಗೆ ಬಂದ ಮೇಲೆ ಮಾತಾಡಿಸಲು ಬರುವವರ ಕಾಟ ಶುರುವಾಯಿತು. ಬ್ರೆಡ್ಡು, ಬಿಸ್ಕೀಟು, ಬಾಳೆಹಣ್ಣು. ನನ್ನ ಕೈ ಕೂಡ ಒಂದು ನೋಡುವ ಸಾಮಾನಾಯಿತು. ಎಲ್ಲರಿಗೂ ಅತ್ತೆಯೇ ಕಥೆ ಹೇಳುತ್ತಿದ್ದರು. ಅದರಲ್ಲಿ ಲಾರಿ ಇತ್ತು, ಲಾರಿಯ ಲೈಟಿತ್ತು, ನನ್ನ ದೆಸೆ ಇತ್ತು. ಕಲ್ಲು ಇರಲಿಲ್ಲ.

"ಆಕ್ಸಿಡೆಂಟ್ ಅಂದಮ್ಯಾಲ ಯಾರೇನ ಮಾಡಾಕ ಬರ್ತೈತಿ ಬಿಡ್ರಿ," ಎಂದು ಬಂದವರು ಚಹಾ ಕುಡಿದು ಏಳುತ್ತಿದ್ದರು.

ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಬಲಗೈ ಬಿಟ್ಟು. ಆಕ್ಸಿಡೆಂಟ್ ಎಂದರೆ ಯಾರೂ ಏನೂ ಮಾಡಿಲ್ಲ, ಅದಾಗಿಯೇ ಆಯಿತು ಎಂದು ಎಲ್ಲರೂ ಸೇರಿ ಬಾಗಿಲು ಹಾಕಿಕೊಂಡ ಹಾಗೆ. ಒಳಗೆ ಉಳಿದವಳು ನಾನೊಬ್ಬಳೇ. ಲಂಗದ ಲಾಡಿ ಕಟ್ಟಲಾರದವಳು, ಬೋರ್ಡಿನ ಮೇಲೆ ಬರೆಯಲಾರದವಳು, ಬಿಸಿ ಪಾತ್ರೆಗೆ ಕೈ ತಾಗಿ ಬೊಬ್ಬೆ ಎದ್ದರೂ ನೋಡಿದ ಮೇಲಷ್ಟೇ ತಿಳಿಯುವವಳು.

ಅತ್ತೆ ನನ್ನನ್ನು ನೋಡಿಕೊಂಡ ರೀತಿಗೆ ಹೆಸರಿಡಲು ಸಾಧ್ಯವಿಲ್ಲ. ಜಳಕ ಮಾಡಿಸಿದರು. ಹೆರಳು ಹಾಕಿದರು. ಎಡಗೈಯಿಂದ ಉಣ್ಣಬಾರದೆಂದು ರೊಟ್ಟಿ ಮುರಿದು, ಪಲ್ಯ ಹಚ್ಚಿ, ತಾವೇ ತುತ್ತು ಇಟ್ಟರು. ನಾನು ಬಾಯಿ ತೆರೆಯುತ್ತಿದ್ದೆ, ಅಗಿಯುತ್ತಿದ್ದೆ, ನುಂಗುತ್ತಿದ್ದೆ. ಕಲ್ಲು ಇಟ್ಟ ಕೈಯೇ ತುತ್ತನ್ನೂ ಇಡುತ್ತಿದೆ ಎಂದು ಗೊತ್ತಿತ್ತು. ಸಿಟ್ಟು ಬಂದರೆ ಸಿಟ್ಟು ಮಾಡುವ ಹಾಗಿಲ್ಲ, ಉಪಕಾರ ಎನ್ನೋಣವೆಂದರೆ ಬಾಯಿ ಬರುವುದಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ: ಇವರು ಒಂದು ಸಲ ಆ ಕಲ್ಲಿನ ಮಾತು ಹೇಳಲಿ. ಹೇಳದಿದ್ದರೆ ಈ ಮನೆಯಲ್ಲಿ ನಾನು ಉಳಿಯಲಾರೆ ಎಂದು ಅನ್ನಿಸತೊಡಗಿತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ.

ಮೊನ್ನೆ ಕುಷ್ಟಗಿಯಿಂದ ಅತ್ತೆಯ ತಂಗಿ ಬಂದಿದ್ದರು. ಊಟದ ಹೊತ್ತು. ಅತ್ತೆ ನನ್ನ ಬಾಯಿಗೆ ತುತ್ತು ಇಡುವುದನ್ನು ನೋಡಿ ಅವರು, "ಏನ ಹಣೆಬರಾ ನೋಡ ಅಕ್ಕಾ, ಎಲ್ಲಿತ್ತೋ ಆ ಆಕ್ಸಿಡೆಂಟ್," ಎಂದರು.

ಅತ್ತೆಯ ಕೈ ನಡುವೆಯೇ ನಿಂತಿತು.

"ಹಣೆಬರಾ ಅಲ್ಲ," ಎಂದರು. "ಕಲ್ಲು. ಹುರಳಿಗೆ ನಾನ ಇಟ್ಟಿದ್ದೆ. ಹುರಳಿ ಎತ್ತಿದೆ, ಅದನ್ನ ಎತ್ತಲಿಲ್ಲ. ನಾಳಿಗೆ ಬೇಕಾಗ್ತೈತಿ ಅಂತ ಬಿಟ್ಟೆ."

ತಂಗಿ ಏನೋ ಸಮಾಧಾನ ಹೇಳಲು ಹೋದರು. ಅತ್ತೆ ಬೇಡವೆಂದು ತಲೆಯಾಡಿಸಿದರು.

ಅಷ್ಟು ದಿನ ಬಾರದ ಅಳು ನನಗೆ ಆಗ ಬಂತು. ಬಾಯಲ್ಲಿ ತುತ್ತಿತ್ತು.

ಕೈ ಇನ್ನೂ ಹಾಗೇ ಇದೆ. ಮೊಣಕೈ ಹತ್ತಿರ ಸ್ನಾಯು ಸ್ವಲ್ಪ ಮಿಸುಕುತ್ತದೆ ಎಂದು ಫಿಜಿಯೋಥೆರಪಿಯವರು ಹೇಳುತ್ತಾರೆ. ನನಗೆ ಕಾಣುವುದಿಲ್ಲ. ಅವರಿಗೆ ಕಂಡಿದ್ದರೆ ಸಾಕು ಎಂದುಕೊಂಡು ಹೋಗಿ ಬರುತ್ತಿದ್ದೇನೆ.

ಆ ದಿನ ತಂಗಿಯನ್ನು ಬಸ್ಸು ಹತ್ತಿಸಿ ಬಂದ ಅತ್ತೆ ನನ್ನ ಎದುರು ಕುಳಿತರು.

"ನನ್ನ ಮ್ಯಾಲ ಸಿಟ್ಟು ಐತೇನವಾ?"

"ಐತ್ರಿ," ಎಂದೆ.

"ಇರಲಿ," ಎಂದರು. ಆಮೇಲೆ ನನ್ನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಫಿಜಿಯೋಥೆರಪಿಯವರು ಕಲಿಸಿದ ಹಾಗೆ, ಒಂದೊಂದೇ ಬೆರಳು ಬಿಡಿಸತೊಡಗಿದರು.