ಹತ್ತೊಂಬತ್ತು ಕಾರ್ಡುಗಳಿಗಾಗಿ ಅಜ್ಜಂಪುರಕ್ಕೆ

ಕಡೂರಿನಲ್ಲಿ ರೈಲಿಳಿದಾಗ ಹತ್ತು ಗಂಟೆ ದಾಟಿತ್ತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಬಸ್ ನಿಲ್ದಾಣದ ಎದುರು ಎರಡು ಇಡ್ಲಿ ತಿಂದು, ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೋಗುವ ಸರ್ಕಾರಿ ಬಸ್ ಹತ್ತಿದೆ. ಆಧಾರ್ ಕಾರ್ಡ್ ನೋಡಿ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ.

“ಅಜ್ಜಂಪುರದಾಗೆ ಯಾರವ್ರೆ ಅಮ್ಮ?”

“ಇದ್ದರು” ಎಂದೆ.

ಪಾರ್ವತಿ ಮೇಡಂ ಅಜ್ಜಂಪುರದ ವ್ಯಾಪಾರಸ್ಥರ ಮನೆಯ ಮಗಳು. ಕಂಪ್ಯೂಟರ್ ಒಂದು ಇಡೀ ಕೋಣೆಯನ್ನು ತುಂಬಿಕೊಂಡಿರುತ್ತಿದ್ದ ಕಾಲದಲ್ಲಿ, ಕನ್ನಡ ಪದಗಳನ್ನು ಅಕಾರಾದಿಯಲ್ಲಿ ಜೋಡಿಸುವುದನ್ನು ಅದಕ್ಕೆ ಕಲಿಸಿದವರು. ಬೆಂಗಳೂರಿನಲ್ಲಿ ಏಳು ವರ್ಷ ನಾನು ಅವರ ಕೈಕೆಳಗೆ ದುಡಿದೆ. ಕೊನೆಗೆ ಆ ಕೆಲಸದ ವರದಿ ಅಚ್ಚಾದಾಗ ಅದರ ಮೇಲೆ ನನ್ನ ಹೆಸರೊಂದೇ ಇತ್ತು. ಅವರ ಹೆಸರನ್ನು ಟೈಪಿಸ್ಟ್ ಹುಡುಗಿ ಬಿಟ್ಟುಬಿಟ್ಟಳು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಹೇಳಿ ಹೇಳಿ ಆ ಹುಡುಗಿಗೆ ಕನ್ನಡಕವೂ ಬಂತು, ಆ ದಿನ ನೆಗಡಿಯೂ ಆಗಿತ್ತು. ಈಗ ಅವಳನ್ನು ನಾನೇ ನಂಬುವುದಿಲ್ಲ. ಮೇಡಂ ಜಗಳವಾಡಲಿಲ್ಲ, ಮಾತು ನಿಲ್ಲಿಸಿದರು. ನಾನು ಬೇರೆ ಕೆಲಸಕ್ಕೆ ಹೋದೆ. ಮತ್ತೆ ನಾವು ಭೇಟಿಯಾಗಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಮೊನ್ನೆ ಅವರ ತಮ್ಮ ರೇವಣ್ಣ ಫೋನ್ ಮಾಡಿ, “ಅಕ್ಕ ಬರ್ದಿದ್ದು ಐತೆ. ನಿಮ್ಮ ಹೆಸ್ರಿಗೂ ಒಂದ್ ಪುಸ್ತಕ ಮಾಡ್ಸೀನಿ, ಬಂದು ತಗಂಡೋಗಿ” ಎಂದರು. ಮೇಡಂ ನನ್ನನ್ನು ಕ್ಷಮಿಸಿದ್ದರೇ? ತಿಳಿಯುವ ದಾರಿ ಇದೊಂದೇ ಉಳಿದಿತ್ತು.

ಬೀರೂರು ದಾಟಿದ ಮೇಲೆ ತೆಂಗಿನ ತೋಟ, ಆಮೇಲೆ ಈರುಳ್ಳಿ ಹೊಲ. ಎಡಕ್ಕೆ ನೀಲಿ ಬೆಟ್ಟ ಎಂದು ನನ್ನ ಟಿಪ್ಪಣಿಯಲ್ಲಿದೆ. ನಾನು ಕೂತಿದ್ದು ಬಲಗಡೆ, ನಡುವೆ ನಿಂತವರ ಗುಂಪು. ಬೆಟ್ಟವನ್ನು ಎಲ್ಲಿಂದ ಕಂಡೆನೋ ಗೊತ್ತಿಲ್ಲ.

ರೇವಣ್ಣನವರ ಕೊಬ್ಬರಿ ಅಂಗಡಿಯ ಹಿಂದೆಯೇ ಮನೆ. ಮೇಜಿನ ಮೇಲೆ ಎಂಟು ಸಣ್ಣ ಪುಸ್ತಕಗಳಿದ್ದವು, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು.

“ನಮ್ ಮನೆಯಾಗೆ ಹಂಗೇ ಕಣಮ್ಮ. ಹೋದೋರ ವಸ್ತು ವರ್ಷ ತುಂಬೋದ್ರೊಳಗೆ ಹಂಚ್ಬೇಕು. ಸೀರೆ ಹಂಚಿದ್ವಿ. ಬರ್ದಿದ್ದನ್ನ ಮಾತ್ರ ಬಿಡಾಕಾಯ್ತದಾ? ಯಾರ ಹೆಸ್ರು ಬಂದೈತೋ ಅದು ಅವ್ರಿಗೆ ಅಂತ ವಿಂಗಡ್ಸಿ, ಕೈಗೆ ಸಿಕ್ಕಂಗೆ ಕಟ್ಟಿಸ್ದೆ. ಹಾಲಿನ ಸಾಕಮ್ಮಂದು ನಿಮ್ದಕ್ಕಿಂತ ದಪ್ಪ ಐತೆ, ಬೇಜಾರ್ ಮಾಡ್ಕಬ್ಯಾಡಿ.”

ಮುದ್ದೆ, ಅವರೆಕಾಳಿನ ಸಾರು ಬಡಿಸುತ್ತಿದ್ದ ಅವರ ಹೆಂಡತಿ ನೀಲಮ್ಮ, “ನಂದು ನಾಲ್ಕೇ ಹಾಳೆ. ಅದ್ರಾಗೂ ಎರಡ್ರಾಗೆ ಸಾರಿಗೆ ಉಪ್ಪು ಜಾಸ್ತಿ ಅಂತ ಬರ್ದವ್ರೆ” ಎಂದರು.

ನನ್ನದರಲ್ಲಿ ಹತ್ತೊಂಬತ್ತು. ಅವು ಹಾಳೆಗಳಲ್ಲ, ಪಂಚ್ ಕಾರ್ಡುಗಳು. ಆಗ ಕಂಪ್ಯೂಟರ್ ಪ್ರೋಗ್ರಾಂ ಎಂದರೆ ತೂತು ಕೊರೆದ ಇಂಥ ತೆಳು ರಟ್ಟಿನ ಕಾರ್ಡುಗಳ ಕಟ್ಟು. ಕಟ್ಟು ಕೈಜಾರಿ ಬಿದ್ದರೆ ಮತ್ತೆ ಜೋಡಿಸಲೆಂದು ಪ್ರತಿಯೊಂದರ ಬಲ ಅಂಚಿನಲ್ಲಿ ಕ್ರಮಸಂಖ್ಯೆ ಇರುತ್ತಿತ್ತು. ಮಿಕ್ಕ ಖಾಲಿ ಕಾರ್ಡುಗಳಲ್ಲಿ ಮೇಡಂ ದಿನಚರಿ ಬರೆಯುತ್ತಿದ್ದರು. ತಾರೀಖು ಹಾಕುತ್ತಿರಲಿಲ್ಲ, ಬಲ ಅಂಚಿನಲ್ಲಿ ಪೆನ್ಸಿಲಿನಿಂದ ಕ್ರಮಸಂಖ್ಯೆ, ಅಷ್ಟೆ.

ಒಂದು ಕಾರ್ಡಿನಲ್ಲಿ ಹೀಗಿತ್ತು: ‘ಸುಮಿತ್ರೆಗೆ ಕಾಗದ ಬರೆದು ಮುಗಿಸಿದೆ. ನಾಳೆ ಟಪಾಲಿಗೆ ಹಾಕಬೇಕು.’ ಇನ್ನೊಂದರಲ್ಲಿ: ‘ಸುಮಿತ್ರೆಗೆ ಬರೆಯುವುದು ಇನ್ನು ಬೇಡ.’

ಸುಮಿತ್ರೆ ನಾನು. ನನಗೆ ಯಾವ ಕಾಗದವೂ ಬಂದಿಲ್ಲ. ಬೇಡವೆಂದುಕೊಂಡ ಮೇಲೆ ಮನಸ್ಸು ಕರಗಿ ಬರೆದರೋ, ಬರೆದ ಮೇಲೆ ಬೇಡವೆನಿಸಿತೋ? ಬಲ ಅಂಚು ನೋಡಿದೆ. ಬೆರಳಗಲ ಕತ್ತರಿಸಿದ್ದರು.

“ಅಲ್ಲಿ ಬರೀ ಅಂಕಿ ಇತ್ತು, ಕೊಳೆ ಬೇರೆ. ನೀಟಾಗಿ ಕಾಣ್ಲಿ ಅಂತ ತೆಗ್ಸಿದೆ” ಎಂದರು ರೇವಣ್ಣ. ನನ್ನ ಮುಖ ನೋಡಿ, “ತಪ್ಪಾಯ್ತೇನಮ್ಮ?” ಎಂದು ಕೇಳಿದರು.

ಇಲ್ಲವೆಂದೆ. ಕಟ್ಟಿಸಿದ್ದು ಎಲ್ಲಿ ಎಂದು ಕೇಳಿಕೊಂಡು ತರೀಕೆರೆಯ ಖಾಸಗಿ ಬಸ್ ಹತ್ತಿದೆ. ನಲವತ್ತು ರೂಪಾಯಿ, ಒಂದು ಗಂಟೆಯ ದಾರಿ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೈಂಡಿಂಗ್ ಮಾಡುವ ಮಂಜಪ್ಪ ಮದುವೆಯ ಕಾರ್ಡುಗಳನ್ನು ಮಡಚುತ್ತ ಕೂತಿದ್ದ. ಕತ್ತರಿಸಿದ ಅಂಚುಗಳು ಬೇಕೆಂದೆ.

“ಅಂಚಾ? ಅದ್ನ ಯಾರಮ್ಮ ಇಟ್ಕಂತಾರೆ? ಅಂಟು ಕಾಯ್ಸೋಕೆ ಒಲೆಗಾಕ್ದೆ. ಒಳ್ಳೆ ರಟ್ಟು, ಚೆನ್ನಾಗಿ ಉರೀತು.”

ಕಾರಣ ಹೇಳಿದೆ. ಅವನು ಮಡಚುವುದನ್ನು ನಿಲ್ಲಿಸಿದ. ಎದುರಿನ ಹೋಟೆಲಿಂದ ಟೀ ತರಿಸಿದ. “ಬಿಚ್ಚಿ ಕೊಡ್ತೀನಿ. ಹೆಂಗ್ ಬೇಕೋ ಹಂಗೆ ಜೋಡ್ಸಿ, ಮತ್ತೆ ಹೊಲ್ದುಬಿಡ್ತೀನಿ. ಯಾರಿಗ್ ಗೊತ್ತಾಯ್ತದೆ?” ಎಂದು ದಾರ ಕತ್ತರಿಸಿದ.

ಜೋಡಿಸಲು ನನಗೆ ಐದು ನಿಮಿಷ ಸಾಕಾಯಿತು. ಮೊದಲು ಸಿಟ್ಟು, ನಡುವೆ ‘ಬರೆಯುವುದು ಇನ್ನು ಬೇಡ’, ಆಮೇಲೆ ‘ಸುಮಿತ್ರೆ ಈಗ ಎಲ್ಲಿದ್ದಾಳೋ’ ಎಂಬ ಕಾರ್ಡು, ಕೊನೆಗೆ ಕಾಗದದ ಕಾರ್ಡು. ಚೆಂದದ ಕಥೆಯಾಯಿತು, ಯಾರಾದರೂ ನಂಬುವಂಥದ್ದು. ಒಂದು ಕ್ಷಣ ನಾನೂ ನಂಬಿದೆ. ಆ ಟೈಪಿಸ್ಟ್ ಹುಡುಗಿ ಹುಟ್ಟಿದ್ದೂ ಹೀಗೆಯೇ.

“ಹೊಲೀಲಾ?”

“ಬೇಡಪ್ಪ, ಬಿಡಿಬಿಡಿಯಾಗೇ ಕೊಡು.”

“ಕೈಜಾರಿದ್ರೆ ಚೆಲ್ಲಾಪಿಲ್ಲಿ ಆಗ್ತಾವಲ್ಲಮ್ಮ.”

“ಆಗಲಿ.”

ಅವನು ದುಡ್ಡು ತೆಗೆದುಕೊಳ್ಳಲಿಲ್ಲ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿಕೊಟ್ಟ.

ಕಡೂರಿಗೆ ಮರಳಿದಾಗ ಸಂಜೆ. ಮೋಡ ಕವಿದಿತ್ತು, ಮಳೆ ಬರಲಿಲ್ಲ. ರೈಲು ಅರ್ಧ ಗಂಟೆ ತಡ. ಹೊರಟ ಮೇಲೆ ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಅಜ್ಜಂಪುರ ಯಾವ ದಿಕ್ಕಿಗೋ ತಿಳಿಯಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಒಂದು ಖಾಲಿ ಪುಟ ತೆಗೆದೆ.

‘ಮೇಡಂ, ನಿಮ್ಮ ಕಾಗದ ನನಗೆ ತಲುಪಲಿಲ್ಲ. ನೀವು ಅದನ್ನು ಹಾಕಿದಿರೋ ಇಲ್ಲವೋ ಇನ್ನು ಗೊತ್ತಾಗುವುದೂ ಇಲ್ಲ. ನಾನು ಬರೆಯಬೇಕಾಗಿದ್ದದ್ದು ಬೇರೆ. ಆ ದಿನ ಟೈಪಿಸ್ಟ್ ಯಾರೂ ಇರಲಿಲ್ಲ. ಟೈಪ್ ಮಾಡಿದವಳು ನಾನು.’