ಬೋಲ್ಟಿನ ಕೆಳಗಿನ ಕಪ್ಪು ಬಣ್ಣ

ನನಗೆ ಕೈ ಮುಂದು, ಮಾತು ಹಿಂದು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೂ ಇತ್ತು. ರಿಪ್ಪನ್‌ಪೇಟೆಯಲ್ಲಿ ಗಾಡಿಗಳ ವೈರಿಂಗ್ ಕೆಲಸಕ್ಕೆ ಶೆಡ್ ಹಾಕಿ ಕೂತ ಮೇಲೆ ಮೂವರು ಗಿರಾಕಿಗಳಿಗೆ ಹೊಡೆದಿದ್ದೇನೆ. ಒಬ್ಬನ ಕಾಲರ್ ಹಿಡಿದು ಅವನ ತಲೆಯನ್ನು ಅವನದೇ ಬಾನೆಟ್ಟಿಗೆ ಗುದ್ದಿಸಿದ್ದೇನೆ. ಕಾರಣ ಮಾತ್ರ ಒಂದೇ, ಎಲ್ಲರೂ ನನ್ನ ಕೆಲಸ ಸರಿಯಿಲ್ಲ ಎಂದಿದ್ದರು. ನನ್ನನ್ನು ಬೈದರೆ ತಡೆದುಕೊಂಡೇನು, ನಾನು ಎಳೆದ ವೈರನ್ನು ಬೈದರೆ ಮೈಯೆಲ್ಲ ಉರಿಯುತ್ತಿತ್ತು. ಸಾಗರದಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿ, ಅರ್ತ್ ವೈರ್ ಸಡಿಲ ಕಟ್ಟಿದ ದಿನ ಅದೇ ವೈರಿನಿಂದ ನನ್ನ ಬೆನ್ನಿಗೆ ಬಾರಿಸುತ್ತಿದ್ದರು. ಅರ್ತ್ ಸಡಿಲ ಕಟ್ಟುವುದನ್ನು ಬಿಟ್ಟೆ, ಬಾರಿಸುವುದನ್ನು ಕಲಿತೆ.

ಹೊಸನಗರದಿಂದ ಆಚೆ ಒಂದು ಗುಡ್ಡದ ಮೇಲೆ ಜಂಬಿಟ್ಟಿಗೆ ಕಲ್ಲಿನ ಕ್ವಾರಿ ಇದೆ. ಅಲ್ಲಿಗೆ ಹತ್ತುವ ಮಣ್ಣುದಾರಿ ಒಂದೇ ಗಾಡಿಯಷ್ಟು ಅಗಲ. ಒಂದು ಪಕ್ಕ ಗುಡ್ಡ ಕಡಿದ ದರೆ, ಇನ್ನೊಂದು ಪಕ್ಕ ಏನೂ ಇಲ್ಲ. ಮೊಬೈಲಿಗೆ ಸಿಗ್ನಲ್ ಸಿಗದ ಜಾಗ. ಅದಕ್ಕೇ ಕ್ವಾರಿಯ ಸಾಹುಕಾರರು ತಮ್ಮ ಐದು ಟಿಪ್ಪರ್‌ಗಳಿಗೂ ಸಿಬಿ ರೇಡಿಯೋ ಹಾಕಿಸಿದ್ದರು. ಡ್ರೈವರ್‌ಗಳ ಬಾಯಲ್ಲಿ ಅದು ವೈರ್‌ಲೆಸ್ ಸೆಟ್ಟು. ಎಲ್ಲರೂ ಮಾತಾಡಿದರೆ ಸೆಟ್ಟಿನಲ್ಲಿ ಸಂತೆಯಾಗುತ್ತದೆಂದು ಅವರೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಲೋಡು ತುಂಬಿ ಇಳಿಯುವವನು ಮಾತ್ರ ‘ಇಳೀತಿದೀನಿ’ ಎಂದು ಮೂರು ಸಲ ಕೂಗಬೇಕು. ಕೆಳಗೆ ಯಾರಾದರೂ ಇದ್ದರೆ ‘ಕೇಳ್ತು’ ಎಂದು ಹೇಳಿ, ದಾರಿ ಸ್ವಲ್ಪ ಅಗಲವಿರುವ ಹಲಸಿನ ಮರದ ಹತ್ತಿರ ಗಾಡಿ ಬದಿಗೊತ್ತಿ ನಿಲ್ಲಿಸಬೇಕು. ಉತ್ತರ ಬರದಿದ್ದರೆ ದಾರಿ ಖಾಲಿ ಎಂದೇ ಅರ್ಥ.

ಐದು ಗಾಡಿಗಳ ಸೆಟ್ಟನ್ನೂ ಕೂರಿಸಿದವನು ನಾನೇ. ಈ ಕೆಲಸದಲ್ಲಿ ಜನರಿಗೆ ಕಾಣುವುದು ಉದ್ದನೆಯ ಆಂಟೆನಾ ಕಡ್ಡಿ. ಆದರೆ ಅದು ಅರ್ಧ ಮಾತ್ರ, ಉಳಿದರ್ಧ ಗಾಡಿಯ ಕಬ್ಬಿಣದ ಮೈ. ಆಂಟೆನಾದ ಬುಡ ಆ ಮೈಗೆ ಕಬ್ಬಿಣಕ್ಕೆ ಕಬ್ಬಿಣ ತಾಗುವಂತೆ ಕೂರಬೇಕು. ಅದಕ್ಕೆ ಬಾಡಿ ಅರ್ತ್ ಅನ್ನುತ್ತೇವೆ. ನಡುವೆ ಕೂದಲೆಳೆಯಷ್ಟು ಬಣ್ಣ ಇದ್ದರೂ ನಾವು ಆಡಿದ ಮಾತು ದೂರ ಹೋಗುವುದಿಲ್ಲ, ಕಡ್ಡಿಯಲ್ಲೇ ಸಾಯುತ್ತದೆ. ಹಾಗಾಗಿ ಬೋಲ್ಟ್ ಹಾಕುವ ಜಾಗವನ್ನು ಮೊದಲು ಉಪ್ಪುಕಾಗದದಿಂದ ಉಜ್ಜಿ ಬೆಳ್ಳಗೆ ಮಾಡುತ್ತೇವೆ.

ಐದನೆಯ ಟಿಪ್ಪರ್ ಹೊಸದು. ಪೂಜೆಯ ಕುಂಕುಮ ಇನ್ನೂ ಹೋಗಿರಲಿಲ್ಲ. ನಾನು ಉಜ್ಜಲು ಶುರು ಮಾಡಿದ್ದೇ ಸಾಹುಕಾರರು ಹಾರಿ ಬಂದರು.

“ಎಂತ ಮಾಡ್ತಿದೀಯ ಮಾರಾಯ! ಹೊಸಾ ಗಾಡಿನ ಕೆರೆದು ಇಟ್ಯಲ್ಲ. ಮಳೆ ಬಿದ್ರೆ ಎಂಟು ದಿನಕ್ಕೆ ತುಕ್ಕು ಹಿಡಿಯಲ್ವಾ?”

“ನಿಮ್ಗೆ ಗೊತ್ತಿದ್ರೆ ನೀವೇ ಹಾಕ್ಕಳಿ.”

ಅವರು ನನ್ನ ಭುಜಕ್ಕೆ ತಳ್ಳಿದರು. ನಾನು ಸ್ಪ್ಯಾನರ್ ಎತ್ತಿದೆ. ಡ್ರೈವರ್‌ಗಳು ನಡುವೆ ಬಂದು ಬಿಡಿಸಿದರು. ನಮ್ಮ ಸೀಮೆಯ ಮಳೆಗೆ ಬರಿಮೈ ಕಬ್ಬಿಣ ಉಳಿಯುವುದಿಲ್ಲ ಎಂಬುದು ನಿಜ. ಬೋಲ್ಟ್ ಬಿಗಿದ ಮೇಲೆ ಅದರ ಮೇಲಿಂದ ಬಣ್ಣ ಬಳಿಯುವುದು ಕ್ರಮ. ಆದರೆ ನನ್ನ ಪಿತ್ತ ನೆತ್ತಿಗೇರಿತ್ತು. ಬ್ರಷ್ ತೆಗೆದು, ಕೆರೆದ ಜಾಗಕ್ಕೆ ಅವರೆದುರೇ ಕಪ್ಪು ಬಣ್ಣ ಬಳಿದು, “ತಗಳ್ಳಿ, ನಿಮ್ಮ ಗಾಡಿಯ ಗಾಯ ವಾಸಿ ಆಯ್ತು” ಎಂದು ಚಾ ಕುಡಿಯಲು ಹೋದೆ. ಚಾ ಕುಡಿದು, ಹರಟೆ ಹೊಡೆದು ಬರುವಷ್ಟರಲ್ಲಿ ಬಣ್ಣ ಒಣಗಿತ್ತು. ಸಿಟ್ಟು ಒಣಗಿರಲಿಲ್ಲ. ಬಣ್ಣದ ಮೇಲೆಯೇ ಬೋಲ್ಟ್ ಬಿಗಿದೆ. ಹಲ್ಲಿನ ವಾಷರ್ ಬಣ್ಣವನ್ನು ಒಂದಿಷ್ಟು ಕಚ್ಚಿ ಒಳಗೆ ಹೋಗಿತ್ತು, ಮೀಟರಿನ ಮುಳ್ಳೂ ಸರಿ ತೋರಿಸಿತು. ಆಮೇಲೆ ಆ ವಿಷಯ ನನಗೆ ಮರೆತೇ ಹೋಯಿತು.

ಆ ಗಾಡಿಯನ್ನು ಓಡಿಸುತ್ತಿದ್ದವನು ಹುಂಚದ ಕಡೆಯವನು. ಮೆತ್ತಗಿನ ಮಾತಿನ, ಸಣ್ಣ ಆಳು. ಮಳೆ ಹಿಡಿದ ಮೇಲೆ ನನ್ನ ಶೆಡ್ಡಿಗೆ ಬಂದ.

“ಅಣ್ಣ, ಅವ್ರು ಮಾತಾಡಿದ್ದು ನಂಗೆ ಕೇಳ್ತದೆ. ನಾ ಮಾತಾಡಿದ್ದು ಅವ್ರಿಗೆ ಹೋಗಲ್ಲ. ಒಂದೊಂದ್ಸಲ ಹೋಗ್ತದೆ.”

ಗಾಡಿಯನ್ನು ಶೆಡ್ಡಿನ ಮುಂದೆ ನಿಲ್ಲಿಸಿ ನೋಡಿದೆ. ಅವನು ಮಾತಾಡಿದ್ದು ನನ್ನ ಮೇಜಿನ ಮೇಲಿನ ಸೆಟ್ಟಿನಲ್ಲಿ ಗಂಟೆ ಹೊಡೆದಂತೆ ಕೇಳಿತು. ಹತ್ತು ಹೆಜ್ಜೆ ದೂರಕ್ಕೆ ಎಂಥ ಕೆಟ್ಟ ಸೆಟ್ಟೂ ಕೇಳುತ್ತದೆ. ಅದು ನನಗೆ ಗೊತ್ತಿರಬೇಕಿತ್ತು, ಗೊತ್ತೂ ಇತ್ತು. ಎರಡನೆಯ ಸಲ ಬಂದಾಗ ಅವನನ್ನು ಬೈದು ಕಳಿಸಿದೆ. ಮೂರನೆಯ ಸಲ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬೀಸಿ ಒಗೆದೆ. ಅವನ ಮೊಣಕೈಗೆ ತಾಗಿ ಚರ್ಮ ಸುಲಿಯಿತು.

“ಸೆಟ್ಟು ಸರಿ ಇದೆ. ಸರಿ ಇಲ್ದಿರದು ನಿನ್ನ ಬಾಯಿ.”

ಅವನು ಸ್ಕ್ರೂಡ್ರೈವರನ್ನು ಹೆಕ್ಕಿ ಮೇಜಿನ ಮೇಲಿಟ್ಟು ಹೋದ.

ಅದಾಗಿ ವಾರವೂ ಆಗಿರಲಿಲ್ಲ. ಕ್ವಾರಿಯ ಕಲ್ಲು ಕೊಯ್ಯುವ ಯಂತ್ರದ ವೈರ್ ಸುಟ್ಟಿದೆ ಎಂದು ಬೆಳಿಗ್ಗೆ ಸಾಹುಕಾರರು ಹೇಳಿ ಕಳಿಸಿದರು. ಖಾಲಿ ಟಿಪ್ಪರ್ ಒಂದು ಮೇಲೆ ಹೋಗುತ್ತಿತ್ತು, ಹತ್ತಿ ಕೂತೆ. ಅದರ ಡ್ರೈವರ್ ತೀರ್ಥಹಳ್ಳಿ ಕಡೆಯ ಹುಡುಗಾಟದ ಮನುಷ್ಯ. ದಾರಿಯುದ್ದಕ್ಕೂ ಸೆಟ್ಟು ಹಾಕಿಯೇ ಇತ್ತು, ಅದು ತುಟಿ ಬಿಚ್ಚಲಿಲ್ಲ. ಹಲಸಿನ ಮರ ದಾಟಿ ಎರಡನೆಯ ತಿರುವಿಗೆ ಬಂದೆವು. ಎದುರಿಗೆ ಹೊಸ ಟಿಪ್ಪರಿನ ಮೂತಿ ಕಂಡಿತು.

ಹುಂಚದವನು ಬ್ರೇಕ್ ಒತ್ತಿದ್ದು ಕಂಡಿತು. ಚಕ್ರಗಳು ನಿಂತವು, ಗಾಡಿ ನಿಲ್ಲಲಿಲ್ಲ. ಕೆಂಪು ಕೆಸರಿನ ಮೇಲೆ ಲೋಡು ಸಮೇತ ಜಾರಿ ಬಂದು ನಮಗೆ ಗುದ್ದಿತು. ಗಾಜು ನನ್ನ ಮುಖಕ್ಕೆ ಸುರಿಯಿತು. ಹಣೆ ಎದುರಿನ ಕಬ್ಬಿಣಕ್ಕೆ ಬಡಿಯಿತು. ಪಕ್ಕದಲ್ಲಿ ಕೂಗಿದ್ದು ಮನುಷ್ಯ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕ್ಯಾಬಿನ್ ಒಳಕ್ಕೆ ಮಡಚಿ, ತೀರ್ಥಹಳ್ಳಿಯವನ ಬಲಗಾಲು ಪೆಡಲ್ಲಿನ ಹಿಂದೆ ಸಿಕ್ಕಿತ್ತು. ಕ್ವಾರಿಯ ಆಳುಗಳು ಹಾರೆ ಹಾಕಿ ಮೀಟಿದಷ್ಟೂ ಅವನ ಕೂಗು ಏರುತ್ತಿತ್ತು. ಹೊರಗೆ ತೆಗೆದಾಗ ಮೊಣಕಾಲಿನ ಕೆಳಗೆ ಕಾಲಿನ ಆಕಾರ ಇರಲಿಲ್ಲ. ಆಸ್ಪತ್ರೆಯಲ್ಲಿ ಅದನ್ನು ತೆಗೆದರು.

ಅವನನ್ನು ಜೀಪಿಗೆ ಹತ್ತಿಸಿದ ಮೇಲೆ ಜನ ಹುಂಚದವನ ಕಡೆ ತಿರುಗಿದರು. ಅವನು ತನ್ನ ಗಾಡಿಯ ಚಕ್ರಕ್ಕೆ ಒರಗಿ ನಿಂತಿದ್ದ. ಮೊದಲು ಒಬ್ಬ ಹೊಟ್ಟೆಗೆ ಒದ್ದ. ಆಮೇಲೆ ಗುದ್ದಲಿಯ ಕಾವುಗಳು ಬಂದವು. ಅವನು ಒಂದೇ ಮಾತು ಹೇಳುತ್ತಿದ್ದ.

“ಕೂಗಿದೀನಿ. ದೇವ್ರಾಣೆ ಮೂರ್ಸಲ ಕೂಗಿದೀನಿ.”

ಸಾಹುಕಾರರು ನನ್ನ ಕಡೆ ನೋಡಿದರು. “ನೀನಿದ್ಯಲ್ಲ ಮಾರಾಯ ಗಾಡಿಲಿ. ಕೇಳ್ತಾ?”

“ಒಂದು ಅಕ್ಷರ ಕೇಳ್ಲಿಲ್ಲ” ಎಂದೆ. ಅದು ನಿಜವಾಗಿತ್ತು.

ಆಗ ಅವನು ನನ್ನನ್ನು ನೋಡಿದ. “ಅಣ್ಣ, ನೀವಾದ್ರೂ ಹೇಳಿ. ಸೆಟ್ಟು ಸರಿ ಇಲ್ಲ ಅಂತ ಮೂರ್ಸಲ ನಿಮ್ಮತ್ರ ಬಂದಿಲ್ವಾ?”

ಇಪ್ಪತ್ತು ಜನರೆದುರು ನನ್ನ ಕೆಲಸದ ಮೇಲೆ ಮಾತು ಬಂದಿತ್ತು. ಹಣೆಯ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ನಾಲ್ಕು ಹೆಜ್ಜೆ ಓಡಿ, ಮೈಯ ಭಾರವನ್ನೆಲ್ಲ ಬಲಗೈಗೆ ಹಾಕಿ ಅವನ ಎಡಗೆನ್ನೆಗೆ ಬಿಗಿದೆ. ಕೆನ್ನೆಗಲ್ಲ, ಕಿವಿಗೆ ಬಿತ್ತು. ಅವನು ಕೆಸರಿನಲ್ಲಿ ಕೂತುಬಿಟ್ಟ. ಕಿವಿಯಿಂದ ಸಣ್ಣಗೆ ರಕ್ತ ಬಂತು. ನನಗೆ ಆಗ ಸಮಾಧಾನ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ನಾನು ಹೊಡೆದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಅವನು ಅಂಗಾತ ಬೀಳುವವರೆಗೂ ಹೊಡೆದರು.

ಹತ್ತು ದಿನದ ಮೇಲೆ ಜಖಂ ಆದ ಹೊಸ ಟಿಪ್ಪರನ್ನು ನನ್ನ ಶೆಡ್ಡಿನ ಪಕ್ಕದ ಗ್ಯಾರೇಜಿಗೆ ಎಳೆದು ತಂದರು. ಸೆಟ್ಟು, ಆಂಟೆನಾ ಬಿಚ್ಚಿಡು ಎಂದು ಸಾಹುಕಾರರು ಹೇಳಿ ಕಳಿಸಿದ್ದರು. ಬೋಲ್ಟ್ ತೆಗೆದು ಬುಡ ಎತ್ತಿದೆ. ಕೆಳಗೆ ಕಪ್ಪು ಬಣ್ಣ ಹೊಳೆಯುತ್ತಿತ್ತು. ನಾನು ಬಳಿದ ಬ್ರಷ್ಷಿನ ಗೆರೆಗಳೂ ಇದ್ದವು. ಅಂಚಿನಲ್ಲಿ ವಾಷರಿನ ಹಲ್ಲು ಕಚ್ಚಿದ ನಾಲ್ಕು ಗೀರುಗಳಿದ್ದವು, ಅದರೊಳಗೆ ತುಕ್ಕು. ಗಾಡಿ ನಿಂತಿದ್ದಾಗ ಆ ನಾಲ್ಕು ಗೀರು ಸಾಕಾಗುತ್ತಿತ್ತು. ದಾರಿಯ ಹೊಂಡಕ್ಕೆ ಕುಲುಕಿದಾಗ, ಮಳೆ ನೀರು ಇಳಿದಾಗ, ಅವನ ಮಾತು ಗಾಡಿ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಅವನು ಕೂಗಿದ್ದ. ಮೂರು ಸಲವೂ ಕೂಗಿದ್ದ.

ಜೇಬಿನಲ್ಲಿ ಉಪ್ಪುಕಾಗದ ಇತ್ತು. ಒಂದು ನಿಮಿಷ ಉಜ್ಜಿದರೆ ಆ ಬಣ್ಣ ಯಾವತ್ತೂ ಇರಲೇ ಇಲ್ಲ ಎಂದಾಗುತ್ತಿತ್ತು. ಎರಡು ಸಲ ಉಜ್ಜಿಯೂ ಬಿಟ್ಟೆ. ಆಮೇಲೆ ಕೈ ಏಳಲಿಲ್ಲ. ಹೊರಗೆ ಬಂದು ಉಪ್ಪುಕಾಗದವನ್ನು ಚರಂಡಿಗೆ ಎಸೆದೆ.

ಮರುದಿನ ತೀರ್ಥಹಳ್ಳಿ ಬಸ್ ಹತ್ತಿ ಕಾಲು ಕಳೆದುಕೊಂಡವನ ಮನೆಗೆ ಹೋದೆ. ಮಂಚದ ಮೇಲಿದ್ದವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವನ ತಮ್ಮ ನನ್ನನ್ನು ಅಂಗಳಕ್ಕೆ ಎಳೆದು ಹಾಕಿ ಒದೆಯತೊಡಗಿದ. ಬಾಯಿ ಒಡೆಯಿತು, ಒಂದು ಹಲ್ಲು ಅಲ್ಲೇ ಬಿತ್ತು. ಜೀವನದಲ್ಲಿ ಮೊದಲ ಸಲ ನಾನು ಕೈ ಎತ್ತಲಿಲ್ಲ. ಒಳಗಿನಿಂದ ಅಣ್ಣ ಕೂಗಿದ.

“ಸಾಕು ಬಿಡಾ ಅವನ್ನ. ಹೋಯ್, ಆ ಹುಂಚದವನಿಗೆ ಹೇಳಿದ್ರಾ ಇದನ್ನ?”

ಹೇಳಿರಲಿಲ್ಲ. ಒದೆ ತಿನ್ನುವುದು ನನಗೆ ಅದಕ್ಕಿಂತ ಸುಲಭವಾಗಿತ್ತು.

ಹುಂಚದಲ್ಲಿ ಬಸ್ಸಿಳಿದು ಮನೆ ಕೇಳಿಕೊಂಡು ಹೋದಾಗ ಅವನು ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಮುಖದ ಬಾವು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕೊಡಲಿಯ ಬೀಸಿಗೆ ಸಿಗದಷ್ಟು ದೂರದಲ್ಲಿ, ಅವನ ಎಡಪಕ್ಕಕ್ಕೆ ನಿಂತು ಹೇಳತೊಡಗಿದೆ. ಬಣ್ಣ, ಬೋಲ್ಟ್, ನಾಲ್ಕು ಗೀರು, ಎಲ್ಲ. ಅವನು ತಿರುಗಿಯೂ ನೋಡಲಿಲ್ಲ. ಒಂದು ತುಂಡು ಒಡೆದ, ಇನ್ನೊಂದು ನಿಲ್ಲಿಸಿಕೊಂಡ. ಇಷ್ಟು ದೂರ ಬಂದು ತಪ್ಪು ಒಪ್ಪಿಕೊಳ್ಳುತ್ತಿದ್ದರೆ ಇವನಿಗೆ ಎಷ್ಟು ಸೊಕ್ಕು ಎಂದು ನನಗೆ ಸಿಟ್ಟು ಬಂತು. ನಾಚಿಕೆಗೆಟ್ಟ ಸಿಟ್ಟು, ಅಲ್ಲಿಯೂ ಬಂತು. ಮುಂದೆ ಹೋಗಿ ಅವನ ಭುಜ ಹಿಡಿದು ತಿರುಗಿಸಿದೆ.

ಅವನು ಬೆಚ್ಚಿಬಿದ್ದು ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದ. ಕೊಡಲಿ ಕೆಳಗೆ ಬಿತ್ತು. ನಾನೆಂದು ಕಂಡ ಮೇಲೂ ಕೈ ಇಳಿಸಲಿಲ್ಲ.

“ಹೊಡಿಬೇಡಿ ಅಣ್ಣ” ಎಂದ. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ. ಆಮೇಲೆ ಅವನು ನಿಧಾನಕ್ಕೆ ಕೈ ಇಳಿಸಿ ಹೇಳಿದ, “ಎಂತಾರು ಹೇಳೋದಿದ್ರೆ ಈ ಕಡೆ ಬಂದು ಹೇಳಿ. ಆ ಕಿವಿ ಅವತ್ತಿಂದ ಕೇಳಲ್ಲ.”

ಸುತ್ತಿ ಅವನ ಬಲಪಕ್ಕಕ್ಕೆ ಹೋದೆ. ಮೊದಲಿಂದ ಎಲ್ಲವನ್ನೂ ಮತ್ತೆ ಹೇಳಿದೆ. ಎರಡನೆಯ ಸಲ ಹೇಳುವಾಗ ಅತ್ತುಬಿಟ್ಟೆ. ಅವನು ಅಳಲಿಲ್ಲ.

“ನಾ ಕೂಗಿದ್ದು ನಂಗೆ ಗೊತ್ತಲ್ಲ ಅಣ್ಣ” ಎಂದ. “ಗೊತ್ತಿಲ್ದವ್ರಿಗೆ ಹೋಗಿ ಹೇಳಿ.”

ಮರುದಿನ ಬೆಳಿಗ್ಗೆ ಹಲಸಿನ ಮರದ ಹತ್ತಿರ ಒಂದು ಟಿಪ್ಪರನ್ನು ನಿಲ್ಲಿಸಿ, ಡ್ರೈವರನ್ನು ಕೆಳಗಿಳಿಸಿ ನಾನು ಹತ್ತಿ ಕೂತೆ. ಮೊದಲು ಅರ್ತ್ ನೋಡಿಕೊಂಡೆ, ಬಿಗಿಯಾಗಿತ್ತು. ಸೆಟ್ಟಿನ ಗುಂಡಿ ಒತ್ತಿ ಹೇಳಿದೆ: ಅವತ್ತು ಅವನು ಕೂಗಿದ್ದ, ಕೇಳದ ಹಾಗೆ ಮಾಡಿದ್ದು ನಾನು, ಬೋಲ್ಟಿನ ಕೆಳಗೆ ಬಣ್ಣ ಬಳಿದವನು ನಾನು. ಎರಡನೆಯ ಸಲ ಹೇಳಿದೆ. ಮೇಲೆ ಕಲ್ಲು ಕೊಯ್ಯುವ ಯಂತ್ರದ ಸದ್ದು ನಿಂತಿತು. ಮೂರನೆಯ ಸಲ ಹೇಳಿ ಗುಂಡಿ ಬಿಟ್ಟೆ.

ಬಹಳ ಹೊತ್ತಾದ ಮೇಲೆ ಯಾರದೋ ದನಿ ಬಂತು.

“ಕೇಳ್ತು.”