ಮಾವ ನೀರು ಚಿಮುಕಿಸಿದ ಚಕ್ರ

ಈ ಬೆಳಿಗ್ಗೆ ಹೆಂಡತಿ ದೋಸೆ ಕಾವಲಿಯನ್ನು ಒಲೆಯ ಮೇಲಿಟ್ಟು, ಕಾದಿದೆಯೇ ಎಂದು ನೋಡಲು ನಾಲ್ಕು ಹನಿ ನೀರು ಚಿಮುಕಿಸಿದಳು. ಚುಂಯ್ ಎಂದಿತು. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ನನ್ನ ಬಲಗಾಲು ತಾನಾಗಿಯೇ ನೆಲದಿಂದ ಮೇಲೆದ್ದಿತು. ನಗುವವರು ನಗಲಿ. ನೀವು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರುವುದಾದರೆ, ಆ ಸದ್ದಿಗೂ ನನ್ನ ಕಾಲಿಗೂ ಏನು ನಂಟು ಎಂದು ಹೇಳುತ್ತೇನೆ.

ನನ್ನ ಮಾವ, ಎಂದರೆ ಹೆಂಡತಿಯ ಅಪ್ಪ, ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ನಲವತ್ತು ವರ್ಷ ದೋಸೆ ಹುಯ್ದವರು. ಕೆಲಸ ಬಿಟ್ಟ ಮೇಲೆ ಸಯನ್ನಿನ ನಮ್ಮ ಮನೆಗೆ ಬಂದರು. ಪ್ರತಿ ಆದಿತ್ಯವಾರ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ, ಹಳೆಯ ಹೋಟೆಲಿಗೆ ಹೋಗುತ್ತಿದ್ದರು. ಅಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಕಾಫಿ ಕುಡಿದು, ಹೊಸ ಭಟ್ಟನ ದೋಸೆಯನ್ನು ಮನಸಾರೆ ಬೈದು, ತೃಪ್ತಿಯಿಂದ ಮರಳುತ್ತಿದ್ದರು. ಮಂಡಿನೋವು ಹೆಚ್ಚಾಗಿ ದಾದರಿನ ಸೇತುವೆಯ ಮೆಟ್ಟಿಲು ಹತ್ತಲಾಗದಾಗ ಅದು ನಿಂತುಹೋಯಿತು. ಟ್ಯಾಕ್ಸಿ ಎಂದರೆ, "ಒಂದು ಕಾಫಿಗೆ ಟ್ಯಾಕ್ಸಿಯಾ?" ಎನ್ನುತ್ತಿದ್ದರು. ಆದರೂ ಆದಿತ್ಯವಾರ ಬಂದರೆ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಾಲ್ಕನಿಯಲ್ಲಿ ಕೂತಿರುತ್ತಿದ್ದರು. ಆ ಷರ್ಟು ನೋಡಲಾರದೆ ನಾನು ಕಾರು ಕೊಂಡೆ.

ಸೆಕೆಂಡ್ ಹ್ಯಾಂಡ್ ಕಾರು. ಮಾರಿದವರು ನಮ್ಮದೇ ಬಿಲ್ಡಿಂಗಿನ ನಿವೃತ್ತ ಮೇಷ್ಟ್ರು. "ಓಡಿಸಿಯೇ ಇಲ್ಲ, ಹೊಸದರ ಹಾಗೇ ಇದೆ" ಎಂದರು. ಸುಳ್ಳಲ್ಲ. ಎಂಟು ವರ್ಷ ಅದು ಹೊದಿಕೆ ಹೊದ್ದು ಮಲಗಿಯೇ ಇತ್ತು. ನಾನೂ ಅಂಥವನೇ. ಧಾರವಾಡದಲ್ಲಿ ಸೈಕಲ್ಲು, ಮುಂಬೈಯಲ್ಲಿ ಲೋಕಲ್ಲು, ಐವತ್ತರ ಹತ್ತಿರ ಬಂದ ಮೇಲೆ ಡ್ರೈವಿಂಗ್ ಕಲಿತವನು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ನಾನು ಪಾಸಾದದ್ದು ಆ ಎರಡನೆಯ ಬ್ರೇಕಿನ ಧೈರ್ಯದಿಂದ.

ಮೊದಲ ವಾರವೇ ಬ್ರೇಕು ಕೈಕೊಟ್ಟಿತು. ದಿನವೂ ಅಲ್ಲ, ಎಲ್ಲ ಕಡೆಯೂ ಅಲ್ಲ. ಚೆನ್ನಾಗಿಯೇ ಹಿಡಿಯುತ್ತಿದ್ದ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗಿ ತಳ ಸೇರುತ್ತಿತ್ತು. ಹ್ಯಾಂಡ್ ಬ್ರೇಕ್ ಎಳೆದು, ದೇವರನ್ನು ನೆನೆದು, ಹೇಗೋ ಗ್ಯಾರೇಜು ಮುಟ್ಟಿಸಿ ಸರತಿಯಲ್ಲಿ ಒಂದು ಗಂಟೆ ಕಾದರೆ, ಮೆಕ್ಯಾನಿಕ್ ಸಲೀಂ ಭಾಯಿ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು, "ಸಾಬ್, ಬ್ರೇಕ್ ತೋ ಏಕ್‌ದಮ್ ಮಸ್ತ್ ಹೈ" ಎನ್ನುತ್ತಿದ್ದ. ರಾತ್ರಿಯಿಡೀ ಕೆಮ್ಮಿ ಡಾಕ್ಟರ ಮುಂದೆ ಕಿಲಕಿಲ ನಗುವ ಮಗುವಿನ ಹಾಗೆ ನನ್ನ ಕಾರು. ಮೂರನೆಯ ಸಲ ಅವನು ಕಾರನ್ನು ಬಿಟ್ಟು ನನ್ನನ್ನೇ ಪರೀಕ್ಷಿಸುವವನಂತೆ ನೋಡಿದ. ಧಾರವಾಡದಿಂದ ಅಮ್ಮ ಫೋನಿನಲ್ಲಿ ಹೇಳಿದಂತೆ ಚಕ್ರದ ಮುಂದೆ ತೆಂಗಿನಕಾಯಿಯನ್ನೂ ಒಡೆದೆ. ಚಟ್ನಿಯಾಯಿತು.

ಹೆಂಡತಿ ತೀರ್ಪು ಕೊಟ್ಟಳು: "ಬ್ರೇಕ್ ಸರಿ ಆಗುವ ತನಕ ಅಪ್ಪ ಆ ಗಾಡಿಯಲ್ಲಿ ಕೂತ್ಕೊಳ್ಳುದು ಬೇಡ. ಇನ್ನೊಂದು ತಿಂಗಳು ನೋಡುವ, ಆಗ್ಲಿಲ್ಲಾಂದ್ರೆ ಮಾರಿಬಿಡಿ." ಯಾರಿಗಾಗಿ ಕಾರು ಕೊಂಡೆನೋ ಅವರೇ ಬಾಲ್ಕನಿಯಿಂದ ಅದನ್ನು ನೋಡುತ್ತ ಕೂರುವಂತಾಯಿತು.

ತಿಂಗಳ ಕೊನೆಯ ಆದಿತ್ಯವಾರ ಅವಳು ಮಾರ್ಕೆಟಿಗೆ ಹೋದದ್ದೇ ತಡ, ಮಾವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಹೋಗುವನಾ?"

"ಬ್ಯಾಡ್ರೀ ಮಾವಾರ, ಅದರ ಬ್ರೇಕ್..."

"ಅದು ಯಾವಾಗ್ಲೂ ಹೋಗುದಿಲ್ಲ ಅಲ್ವಾ? ಇವತ್ತು ಇರ್ತದೆ."

ಅವರ ಮುಖ ನೋಡಿ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ತಪ್ಪೇ ಅದು, ಒಪ್ಪುತ್ತೇನೆ. ಟ್ರಾಫಿಕ್ಕಿನಲ್ಲಿ ತೆವಳುತ್ತ ಒಂದು ಫ್ಲೈಓವರ್ ಹತ್ತಿ ಇಳಿಯುವಾಗ ಪೆಡಲ್ ಬೆಣ್ಣೆಯಾಯಿತು. "ಮಾವಾರ, ಬ್ರೇಕ್ ಹತ್ತವಲ್ದು!" ಎಂದು ಕೂಗಿ ಹ್ಯಾಂಡ್ ಬ್ರೇಕ್ ಎಳೆದೆ. ಮುಂದಿದ್ದ ಟ್ಯಾಕ್ಸಿಗೆ ಒಂದು ಗೇಣು ಇರುವಾಗ ಗಾಡಿ ನಿಂತಿತು. ನಡೆಯುವ ವೇಗದಲ್ಲಿ ಗಾಡಿಯನ್ನು ಕೆಳಗಿಳಿಸಿ ಬದಿಗೆ ಹಾಕಿ ಸಲೀಂ ಭಾಯಿಗೆ ಫೋನ್ ಮಾಡಿದೆ.

ಮಾವ ಮೂಗರಳಿಸಿದರು. "ಸೀದ ವಾಸನೆ ಬರ್ತಾ ಉಂಟು ಮಾರಾಯ್ರೆ. ಬ್ರೇಕ್ ಹೋಗುವ ಮೊದಲೇ ಬರ್ತಾ ಇತ್ತು."

ಬಾಗಿಲಿಗೆ ಕೈ ಊರಿ ಇಳಿದು, ಬಾಟಲಿಯ ನೀರನ್ನು ಅಂಗೈಗೆ ಸುರಿದುಕೊಂಡು, ನಲವತ್ತು ವರ್ಷದ ಅದೇ ಬೆರಳಿನಿಂದ ಮುಂದಿನ ಚಕ್ರದ ಸಂದಿಗೆ ಚಿಮುಕಿಸಿದರು. ಚುಂಯ್! ಕುಂಟುತ್ತ ಆಚೆ ಬದಿಗೆ ಹೋದರು. ಅಲ್ಲೂ ಚುಂಯ್. ಹೊಗೆಯಂತೆ ಆವಿ ಎದ್ದಿತು.

"ಒಂದೇ ಬದಿ ಕಾದಿದ್ರೆ ಒಲೆಯದ್ದು ತಪ್ಪು. ಎರಡೂ ಬದಿ ಸಮ ಕಾದಿದೆ. ಇದು ಭಟ್ಟನದ್ದು ತಪ್ಪು" ಎಂದು ನನ್ನ ಕಾಲು ನೋಡಿದರು. "ನೀವು ಬ್ರೇಕಿನ ಮೇಲಿಂದ ಕಾಲು ತೆಗಿಯುದೇ ಇಲ್ವಾ?"

"ಹೆದರಿಕಿ ಆಗ್ತದರೀ" ಎಂದೆ.

"ಹೆದರಿಕೆ ಎಲ್ರಿಗೂ ಉಂಟು. ಅದನ್ನು ಕಾಲಿಗೆ ಬಿಡುದು ಯಾಕೆ?"

ಸ್ಕೂಟರಿನಲ್ಲಿ ಬಂದ ಸಲೀಂ ಭಾಯಿ, ಗಾಡಿಯನ್ನು ಬಿಸಿ ಇರುವಾಗ ಮೊದಲ ಬಾರಿ ಕಂಡ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಕಷಾಯ. ಎಂಟು ವರ್ಷ ಬದಲಿಸದ ಆ ಎಣ್ಣೆ ಮುಂಬೈಯ ತೇವವನ್ನೆಲ್ಲ ಕುಡಿದು ಕೂತಿತ್ತು. ನನ್ನ ಕಾಲು ಸದಾ ಒತ್ತಿಕೊಂಡಿದ್ದರಿಂದ ಬ್ರೇಕು ಕಾದು, ಎಣ್ಣೆಯೊಳಗಿನ ನೀರು ಕುದಿದು ಆವಿಯಾಗಿ, ಪೆಡಲ್ ಬರಿಯ ಆವಿಯನ್ನು ಒತ್ತುತ್ತಿತ್ತು. ಗ್ಯಾರೇಜಿನ ಸರತಿಯಲ್ಲಿ ತಣಿದ ಮೇಲೆ ಎಲ್ಲವೂ ಮಸ್ತ್. ಅವನು ಮಾವನಿಗೆ ಕೈಮುಗಿದು, "ಅಂಕಲ್, ಆಪ್ ಕೌನ್‌ಸೇ ಗ್ಯಾರೇಜ್ ಮೇ ಥೇ?" ಎಂದು ಅವರು ಕೆಲಸ ಮಾಡಿದ ಗ್ಯಾರೇಜು ಯಾವುದೆಂದು ಕೇಳಿದ.

"ಗ್ರಾಂಟ್ ರೋಡ್ ಮೇ. ಚಾಲೀಸ್ ಸಾಲ್" ಎಂದರು ಮಾವ, ಗಂಭೀರವಾಗಿ.

ಎಣ್ಣೆ ಬದಲಾಯಿತು, ಬ್ರೇಕಿನ ಪ್ಯಾಡೂ ಬದಲಾಯಿತು. ಹೆಂಡತಿ ಇಬ್ಬರನ್ನೂ ಮನಸಾರೆ ಬೈದು ಅನುಮತಿ ಕೊಟ್ಟಳು. ಮುಂದಿನ ಆದಿತ್ಯವಾರ ಮಾವ ಮುಂದಿನ ಸೀಟಿನಲ್ಲಿ ಕೂತವರು, ದಾದರ್ ಬರುವ ಮೊದಲೇ ಗೊರಕೆ ಹೊಡೆಯತೊಡಗಿದರು. ನನಗೋ ಕೊಂಬು ಬಂದಂತಾಯಿತು. ಕಾಲು ಹಗುರಾಯಿತು, ಕೈ ನೆಟ್ಟಗಾಯಿತು. ಮನೆಗೆ ಬಂದು ಕೊಚ್ಚಿಕೊಂಡರೆ ಹೆಂಡತಿ, "ಅಪ್ಪ ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿದ್ದು ನಾನು ಹುಟ್ಟಿದ ಮೇಲೆ ನೋಡ್ಲಿಲ್ಲ, ಸುಳ್ಳು ಹೇಳ್ಬೇಡಿ" ಎಂದಳು. ನನ್ನ ಡ್ರೈವಿಂಗ್ ಅಷ್ಟು ನಯವಾಗಿದೆ ಎಂದೇ ನಾನು ತಿಳಿದೆ. ಆಮೇಲೆ ಐದು ವರ್ಷ, ಪ್ರತಿ ಆದಿತ್ಯವಾರ ಅವರು ಗೊರಕೆ ಹೊಡೆದರು, ಹೋಟೆಲ್ ಬಂದ ಕೂಡಲೇ ತಾವಾಗಿಯೇ ಎದ್ದರು.

ಮಾವ ತೀರಿಕೊಂಡು ಎರಡು ವರ್ಷವಾಯಿತು. ಆದಿತ್ಯವಾರದ ಕಾಫಿಯನ್ನು ನಾವು ಬಿಟ್ಟಿಲ್ಲ. ಇವತ್ತು, ಮೊನ್ನೆಯಷ್ಟೇ ಲೈಸೆನ್ಸ್ ಬಂದ ಮಗಳು ತಾನೇ ಓಡಿಸುತ್ತೇನೆಂದು ಹಟ ಹಿಡಿದಳು. ನಾನು ಮಾವನ ಸೀಟಿನಲ್ಲಿ ಕೂತೆ. ಅದೇ ಫ್ಲೈಓವರಿನ ಇಳಿಜಾರಿನಲ್ಲಿ ನನ್ನ ಬಲಗಾಲು ಮ್ಯಾಟನ್ನು ತೂತು ಬೀಳುವಂತೆ ಒತ್ತಿತು. ಮಗಳು ನೋಡಿಬಿಟ್ಟಳು.

"ಪಪ್ಪಾ, ಪ್ಲೀಸ್! ನೀವು ಹಾಗೆ ಮಾಡಿದ್ರೆ... ಮುಝೇ ಔರ್ ಡರ್ ಲಗ್ತಾ ಹೈ."

ನನ್ನ ಹೆದರಿಕೆ ಅವಳ ಹೆದರಿಕೆಯನ್ನು ಹೆಚ್ಚಿಸಿತ್ತು; ಸ್ಟಿಯರಿಂಗಿನ ಮೇಲೆ ಅವಳ ಬೆರಳುಗಳು ಬಿಳಿಚಿದ್ದವು. ನಾನು ಕಾಲು ಎತ್ತಿ ಹಿಂದಕ್ಕೆ ಎಳೆದುಕೊಂಡೆ, ಸೀಟಿಗೆ ಒರಗಿ ಕಣ್ಣು ಮುಚ್ಚಿದೆ. ನಿದ್ದೆ ಹತ್ತಿರಕ್ಕೂ ಬರಲಿಲ್ಲ. ಮಾವನಿಗೂ ಬಂದಿರಲಾರದು, ಒಂದು ಆದಿತ್ಯವಾರವೂ. ಗ್ರಾಂಟ್ ರೋಡ್ ಬರುವ ತನಕ ಗೊರಕೆ ಹೊಡೆದೆ.